ಸಿಂಧನೂರಿನ ಬಿಸಿಲಲ್ಲಿ ಗೆಕೊ ಸಾಕಿದರೆ ಪೆಟ್ಟಿಗೆಯ ನೆಲಕ್ಕೆ ಏನು ಹಾಕಬೇಕು?

ಪ್ರಶ್ನೆ: ನಾವು ರಾಯಚೂರು ಜಿಲ್ಲೆ ಸಿಂಧನೂರಿನವರು. ಮಗನ ಹಟಕ್ಕೆ ಬೆಂಗಳೂರಿನ ಸಾಕಣೆದಾರರೊಬ್ಬರ ಹತ್ತಿರ ಎಂಟು ತಿಂಗಳ ಆಫ್ರಿಕನ್ ಫ್ಯಾಟ್‌ಟೇಲ್ ಗೆಕೊ ಅನ್ನುವ ಹಲ್ಲಿ ತಂದಿದ್ದೇವೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಾಜಿನ ಪೆಟ್ಟಿಗೆ ಇದೆ. ಒಂದು ತಿಂಗಳಿಂದ ಟಿಶ್ಯೂ ಪೇಪರ್ ಹಾಸಿದ್ದೇವೆ. ಒಳಗೆಲ್ಲ ಆನೆಗೊಂದಿ ಗುಡ್ಡದ ಹಾಗೆ ಕಾಣಬೇಕು ಅಂತ ಮಗನ ಆಸೆ. ಹೊಳೆ ಉಸುಕು ಹಾಕಿ ಅಂತ ಕೆಲವರು, ಬಣ್ಣದ ಕ್ಯಾಲ್ಸಿಯಂ ಉಸುಕು ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ನಮ್ಮ ಹೊಲದ ಮಣ್ಣೇ ಹಾಕಿದರೆ ಆಗುತ್ತದಾ? ಇನ್ನೊಂದು ವಿಷಯ. ಮೊನ್ನೆ ಪೊರೆ ಬಿಟ್ಟಾಗ ಎರಡು ಬೆರಳ ತುದಿಯಲ್ಲಿ ಪೊರೆ ಹಾಗೇ ಉಳಿದಿದೆ.

ಉತ್ತರ: ನೀವು ಕೊನೆಯಲ್ಲಿ ಬರೆದದ್ದರಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಕಾಯುವಷ್ಟು ಸಮಯ ಇಲ್ಲ.

ಬೆರಳ ಮೇಲೆ ಉಳಿದ ಪೊರೆ ಒಣಗುತ್ತಾ ಹೋದಂತೆ ದಾರ ಕಟ್ಟಿದ ಹಾಗೆ ಬಿಗಿಯುತ್ತದೆ. ರಕ್ತ ಓಡಾಡುವುದಿಲ್ಲ. ಬೆರಳು ಕಪ್ಪಾಗಿ ಉದುರಿಯೇ ಹೋಗಬಹುದು. ಇವತ್ತು ಸಂಜೆಯೇ ಒಂದು ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಮುಚ್ಚಳಕ್ಕೆ ತೂತು ಮಾಡಿ. ಒಳಗೆ ಬೆಚ್ಚಗಿನ ನೀರಲ್ಲಿ ನೆನೆಸಿ ಹಿಂಡಿದ ಮೆತ್ತನೆಯ ಬಟ್ಟೆ ಹಾಕಿ. ನೀರು 30 ಡಿಗ್ರಿ ಸುತ್ತ ಇರಲಿ, ಮುಂಗೈಗೆ ಬಿಟ್ಟುಕೊಂಡರೆ ಬಿಸಿ ಅನ್ನಿಸಬಾರದು. ಗೆಕೊವನ್ನು 15-20 ನಿಮಿಷ ಅದರಲ್ಲಿ ಬಿಡಿ, ಪಕ್ಕದಲ್ಲೇ ಕೂತು ನೋಡುತ್ತಿರಿ. ಆಮೇಲೆ ಒದ್ದೆ ಹತ್ತಿಕಡ್ಡಿಯಿಂದ ಬೆರಳಿನ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಉಜ್ಜಿ. ಬಂದರೆ ಬಂತು. ಬರದಿದ್ದರೆ ನಾಳೆ ಮತ್ತೆ ಮಾಡಿ. ಕೈಯಿಂದ ಎಳೆಯಬೇಡಿ. ಮೂರು ದಿನವಾದರೂ ಬರದಿದ್ದರೆ, ಇಲ್ಲವೇ ಬೆರಳು ಊದಿಕೊಂಡರೆ, ಪಶುವೈದ್ಯರ ಹತ್ತಿರ ಹೋಗಿ.

ಈಗ ನೆಲದ ಮಾತು. ನೀವು ಎರಡು ಪ್ರಶ್ನೆ ಕೇಳಿದ್ದೀರಿ ಅಂದುಕೊಂಡಿದ್ದೀರಿ. ನನಗೆ ಅದು ಒಂದೇ ಪ್ರಶ್ನೆ. ಬೆರಳಲ್ಲಿ ಪೊರೆ ಉಳಿದದ್ದೇ ನೆಲ ಸರಿ ಇಲ್ಲದ್ದಕ್ಕೆ.

ಈ ಗೆಕೊದ ಊರು ಪಶ್ಚಿಮ ಆಫ್ರಿಕಾ. ಸೆನೆಗಲ್‌ನಿಂದ ನೈಜೀರಿಯಾ, ಕ್ಯಾಮರೂನ್ ಕಡೆಗೆ ಹರಡಿರುವ ಹುಲ್ಲುಗಾಡು, ಕುರುಚಲು ಕಾಡು. ಅಲ್ಲೂ ಬಿಸಿಲು ಕಡಿಮೆ ಏನಿಲ್ಲ. ಆದರೆ ಈ ಜೀವಿ ಬಿಸಿಲಲ್ಲಿ ಹೊರಗೆ ಬರುವುದೇ ಇಲ್ಲ. ಹಗಲೆಲ್ಲ ಕಲ್ಲಿನ ಸಂದು, ಮಣ್ಣಿನ ಬಿಲದೊಳಗೆ ಇರುತ್ತದೆ. ಕತ್ತಲಾದ ಮೇಲೆ ಹುಳ ಹುಡುಕಿಕೊಂಡು ಹೊರಡುತ್ತದೆ. ಮೇಲೆ ಎಷ್ಟೇ ಒಣಗಿದ್ದರೂ ಬಿಲದ ಒಳಗೆ ತಂಪು ಇರುತ್ತದೆ, ಹಸಿ ಇರುತ್ತದೆ. ನಮ್ಮ ಮನೆ ಗೋಡೆಯ ಹಲ್ಲಿಗೆ ಇರುವ ಅಂಟುವ ಪಾದ ಇದಕ್ಕಿಲ್ಲ. ಉಗುರು ಊರಿ ನೆಲದ ಮೇಲೇ ನಡೆಯುತ್ತದೆ. ನೆಲವೇ ಅದರ ಮನೆ, ನೆಲವೇ ಅದರ ನೀರಿನ ಆಸರೆ.

ಇದಕ್ಕೆ ಗಾಳಿಯಲ್ಲಿ ಶೇ. 60-70ರಷ್ಟು ತೇವಾಂಶ ಬೇಕು. ನಮ್ಮ ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ಮಧ್ಯಾಹ್ನ ಅದು ಶೇ. 30ಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಬೆಳಗ್ಗೆ ಒಗೆದು ಹಾಕಿದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುವ ಊರು ನಮ್ಮದು. ಟಿಶ್ಯೂ ಪೇಪರ್‌ಗೆ ಎಷ್ಟು ಸಲ ನೀರು ಚಿಮುಕಿಸಿದರೂ ಹತ್ತು ನಿಮಿಷದಲ್ಲಿ ಗರಿಗರಿ. ಹಾಗಾಗಿ ಚಂದ ಆಮೇಲೆ. ಮೊದಲು ಕೇಳಬೇಕಾದ್ದು ಈ ನೆಲ ನೀರು ಹಿಡಿದಿಟ್ಟುಕೊಳ್ಳುತ್ತದಾ ಅಂತ. ಸಮಾಧಾನದ ವಿಷಯ ಏನೆಂದರೆ, ನೀರು ಹಿಡಿಯುವ ನೆಲ ನೋಡುವುದಕ್ಕೂ ಆನೆಗೊಂದಿ ಗುಡ್ಡದ ಬುಡದ ಹಾಗೇ ಇರುತ್ತದೆ. ನಿಮ್ಮ ಮಗನ ಆಸೆಗೆ ಅಡ್ಡಿ ಇಲ್ಲ.

ಒಂದು ತಿಂಗಳು ಟಿಶ್ಯೂ ಪೇಪರ್ ಹಾಸಿದ್ದು ತಪ್ಪಲ್ಲ. ಹೊಸದಾಗಿ ತಂದ ಗೆಕೊಗೆ ಮೊದಲ ಮೂರ್ನಾಲ್ಕು ವಾರ ಅದನ್ನೇ ಹಾಸಲು ನಾನೂ ಹೇಳುತ್ತೇನೆ. ಹಿಕ್ಕೆ ಹೇಗಿದೆ, ಹುಳ ಇದೆಯಾ, ಉಂಡದ್ದು ಅರಗುತ್ತಿದೆಯಾ, ಎಲ್ಲ ಕಣ್ಣಿಗೆ ಕಾಣುತ್ತದೆ. ಕಾಯಿಲೆ ಬಿದ್ದಾಗಲೂ ಅದಕ್ಕೇ ವಾಪಸ್ ಹೋಗಬೇಕು. ವರ್ಷಗಟ್ಟಲೆ ಇರುವ ನೆಲ ಮಾತ್ರ ಅದಲ್ಲ.

ಬಣ್ಣದ ಕ್ಯಾಲ್ಸಿಯಂ ಉಸುಕಿನ ಬಗ್ಗೆ ನನಗೆ ಬಹಳ ಸಿಟ್ಟಿದೆ. ನಾನು ಬಳ್ಳಾರಿಯಲ್ಲಿ ಪಶುವೈದ್ಯ. ಎತ್ತು, ಎಮ್ಮೆ, ನಾಯಿಗಳ ನಡುವೆ ಇಂಥ ಜೀವಿಗಳನ್ನೂ ನೋಡುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಚಪ್ಪಲಿ ಡಬ್ಬಿಯಲ್ಲಿ ಗೆಕೊ ತಂದ. ಎರಡು ವಾರದಿಂದ ಹಿಕ್ಕೆ ಹಾಕಿಲ್ಲ, ಹೊಟ್ಟೆ ಗಟ್ಟಿ, ಹಿಂಗಾಲು ಎಳೆಯುತ್ತಿತ್ತು. ಎಕ್ಸ್‌ರೇ ತೆಗೆಸಿದೆವು. ಕರುಳಿನ ತುಂಬ ಬೆಳ್ಳಗೆ ಸಿಮೆಂಟ್ ಸುರಿದ ಹಾಗೆ ಕಂಡಿತು. ಪೆಟ್ಟಿಗೆಯಲ್ಲಿ ನೀಲಿ ಉಸುಕು ಹಾಕಿದ್ದರು. ನಾಲ್ಕು ದಿನ ಒದ್ದಾಡಿದೆವು, ಉಳಿಯಲಿಲ್ಲ. ಆ ಹುಡುಗ ಡಬ್ಬಿ ಹಿಡಿದುಕೊಂಡು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಯಾಕೆ ಹೀಗಾಗುತ್ತದೆ ಅಂದರೆ, ಗೆಕೊ ನಾಲಿಗೆಯಿಂದ ನೆಲ ನೆಕ್ಕಿ ವಾಸನೆ, ರುಚಿ ನೋಡುತ್ತದೆ. ಮೈಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಅದು ಸಿಗುವ ಕಡೆ ಇನ್ನೂ ಜಾಸ್ತಿ ನೆಕ್ಕುತ್ತದೆ. ಅಂಥ ಪ್ರಾಣಿಯ ಕಾಲ ಕೆಳಗೆ ಕ್ಯಾಲ್ಸಿಯಂ ರುಚಿಯ ಉಸುಕು ಹಾಕಿದರೆ ತಿನ್ನು ಅಂತ ಕರೆದ ಹಾಗೆ. ಹೊಟ್ಟೆಗೆ ಹೋದ ಮೇಲೆ ಅದು ಹೊಟ್ಟೆಯ ಆಮ್ಲವನ್ನು ಕುಂದಿಸುತ್ತದೆ, ಒದ್ದೆಯಾಗಿ ಗಡ್ಡೆ ಕಟ್ಟುತ್ತದೆ. ಚೀಲದ ಮೇಲೆ ‘ಸುರಕ್ಷಿತ, ಜೀರ್ಣವಾಗುತ್ತದೆ’ ಅಂತ ಬರೆದಿದ್ದರೂ ತರಬೇಡಿ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಕರುಳು ಕಟ್ಟುವುದಕ್ಕೆ ಉಸುಕೊಂದೇ ಕಾರಣ ಅಲ್ಲ. ಗೆಕೊಗೆ ಸ್ವಂತ ಮೈಬಿಸಿ ಇಲ್ಲ. ಕೂರುವ ಜಾಗ ತಣ್ಣಗಿದ್ದರೆ ಕರುಳು ಕೆಲಸ ನಿಲ್ಲಿಸುತ್ತದೆ. ನೀರು ಕಡಿಮೆಯಾದರೆ ಒಳಗಿದ್ದದ್ದು ಒಣಗಿ ಕೂರುತ್ತದೆ. ಬೆಚ್ಚಗಿನ ಜಾಗ, ತೇವ, ಹುಳಕ್ಕೆ ಸವರಿದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಪುಡಿ ಸರಿಯಾಗಿದ್ದರೆ, ಆರೋಗ್ಯವಂತ ಗೆಕೊ ಆಗೊಮ್ಮೆ ಈಗೊಮ್ಮೆ ನುಂಗಿದ ಒಂದು ಚಿಟಿಕೆ ಮಣ್ಣನ್ನು ಹೊರಗೆ ಹಾಕಿಬಿಡುತ್ತದೆ. ಕಾಡಲ್ಲಿ ಅದು ಮಣ್ಣಿನ ಮೇಲೇ ತಾನೇ ಬದುಕುವುದು? ಅದಕ್ಕೇ ಮಣ್ಣಿಗೆ ನಾನು ಹೆದರುವುದಿಲ್ಲ. ಎಂಥ ಮಣ್ಣು ಅನ್ನುವುದನ್ನು ನೋಡುತ್ತೇನೆ.

ಬರೀ ಹೊಳೆ ಉಸುಕು ಬೇಡ. ಅದರಲ್ಲಿ ನೀರು ನಿಲ್ಲುವುದಿಲ್ಲ, ಬಿಲ ತೋಡಿದರೆ ಕುಸಿಯುತ್ತದೆ. ಮಿಶ್ರಣಕ್ಕೆ ಸ್ವಲ್ಪ ಹಾಕಲು ಮಾತ್ರ ಅದು ಒಳ್ಳೆಯದು. ತುಂಗಭದ್ರೆಯಲ್ಲಿ ಉರುಳಿ ಬಂದ ಕಣಕ್ಕೆ ಅಂಚು ಇರುವುದಿಲ್ಲ. ಎಂ-ಸ್ಯಾಂಡ್ ಹಾಗಲ್ಲ. ಅದು ಬಂಡೆ ಪುಡಿ ಮಾಡಿದ್ದು. ಕಣಕ್ಕೆ ಮೂಲೆ ಇದೆ, ಜೊತೆಗೆ ಸಣ್ಣ ಧೂಳು. ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಹೊಳೆಗೆ ಹೋಗಿ ತುಂಬಿಕೊಂಡು ಬರುವುದೂ ಬೇಡ. ಮನೆ ಕಟ್ಟಿಸುವವರ ಹತ್ತಿರ ಅರ್ಧ ಬುಟ್ಟಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ನಿಮ್ಮ ಹೊಲದ ಮಣ್ಣು ಬೇಡ. ಸಿಂಧನೂರು ಅಂದರೆ ಭತ್ತ, ಹತ್ತಿ. ವರ್ಷಕ್ಕೆ ಎಷ್ಟು ಸಲ ಎಣ್ಣೆ ಹೊಡೆಯುತ್ತೀರಿ ಅಂತ ನಿಮಗೇ ಗೊತ್ತು. ಹುಳ ಕೊಲ್ಲಲು ಹೊಡೆದದ್ದು ಹುಳ ತಿನ್ನುವ ಈ ಸಣ್ಣ ಜೀವಕ್ಕೂ ವಿಷವೇ. ಹುರಿದರೂ ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಕಾಲುವೆ ಕೆಳಗಿನ ಹೊಲದಲ್ಲಿ ಸವಳು ಎದ್ದಿರುವ, ಮೇಲೆ ಬೆಳ್ಳಗೆ ಉಪ್ಪು ಕಟ್ಟಿದ ಮಣ್ಣಂತೂ ಮುಟ್ಟಲೇಬೇಡಿ. ಉಪ್ಪು ತೊಗಲಿನ ತೇವ ಎಳೆಯುತ್ತದೆ. ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆಬದಿಯ ಕೆಂಪು ಧೂಳು, ಶಕ್ತಿನಗರ ಕಡೆಯ ಬೂದಿ ಬಿದ್ದ ಮಣ್ಣು, ಹಟ್ಟಿ ಕಡೆಯ ಗಣಿ ತ್ಯಾಜ್ಯದ ದಿಬ್ಬ, ಇವೂ ಬೇಡ. ಕೆಲವರು ಹುತ್ತದ ಮಣ್ಣು ನಯವಾಗಿದೆ ಅಂತ ಒಡೆದು ತರುತ್ತಾರೆ. ಪಂಚಮಿಗೆ ಹಾಲೆರೆಯುವ ಜಾಗ ಅನ್ನುವುದು ಒಂದು. ಅದರೊಳಗೆ ಬೇರೆ ಜೀವಗಳ ಸಂಸಾರ ಇದೆ ಅನ್ನುವುದು ಇನ್ನೊಂದು. ಒಂದು ಗೆಕೊ ಮನೆಗಾಗಿ ಇನ್ನೊಬ್ಬರ ಮನೆ ಒಡೆಯುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಮಣ್ಣು ಎಲ್ಲಿಂದ? ನನ್ನ ದಾರಿ ಹೇಳುತ್ತೇನೆ. ಮಸ್ಕಿ, ಲಿಂಗಸುಗೂರು, ಕುಷ್ಟಗಿ ಕಡೆ ಮಸಾರಿ ಅಂದರೆ ಕೆಂಪು ಮಣ್ಣಿರುವ ಊರಲ್ಲಿ ನೆಂಟರೋ ಗೆಳೆಯರೋ ಮನೆ ಕಟ್ಟಿಸುತ್ತಿದ್ದರೆ ಪಾಯ ತೋಡುವಾಗ ಹೋಗಿ. ಮೊದಲೂ ಬೇಸಾಯ ಮಾಡಿರದ ಜಾಗವಾ ಅಂತ ಕೇಳಿಕೊಳ್ಳಿ. ಮೂರ್ನಾಲ್ಕು ಅಡಿ ಕೆಳಗಿನ ಮಣ್ಣು ತನ್ನಿ. ಅಲ್ಲಿಗೆ ಗೊಬ್ಬರ, ಔಷಧಿ, ಕಸ ಇಳಿದಿರುವುದು ಕಡಿಮೆ. ಸಿಗದಿದ್ದರೆ ನರ್ಸರಿಯ ಬರೀ ಕೆಂಪು ಮಣ್ಣು ಆಗುತ್ತದೆ. ಗೊಬ್ಬರ, ಬೇವಿನ ಹಿಂಡಿ, ಬಿಳಿ ಪರ್ಲೈಟ್ ಬೆರೆಸಿದ ಕುಂಡದ ಮಣ್ಣು ಮಾತ್ರ ಬೇಡ.

ಎರೆ ಅಂದರೆ ಕಪ್ಪು ಮಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಸುತ್ತ ಇರುವುದೇ ಅದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ್ದೀರಿ ಅಲ್ವಾ? ಹಸಿ ಇದ್ದಾಗ ಹೇಳಿದ ಹಾಗೆ ಕೇಳುತ್ತದೆ. ನಾಲ್ಕು ದಿನ ಬಿಟ್ಟರೆ ಎತ್ತಿನ ಬೆನ್ನ ಮೇಲೆ ಬಿರುಕು. ನೀರು ಕುಡಿದು ಉಬ್ಬುವುದು, ಒಣಗಿ ಸೀಳುವುದು ಅದರ ಗುಣ. ಬರೀ ಎರೆ ಹಾಕಿದರೆ ಗೆಕೊ ಕಾಲಿಗೆ ಮಳೆಗಾಲದಲ್ಲಿ ನಮ್ಮ ಚಪ್ಪಲಿಗೆ ಮೆತ್ತಿದ ಹಾಗೇ ಮೆತ್ತಿಕೊಳ್ಳುತ್ತದೆ. ಆದರೆ ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಅದೇ ಗುಣ ನಮಗೆ ಬೇಕಾದ ಅಂಟಾಗುತ್ತದೆ. ಬಿಲ ಕುಸಿಯದೆ ನಿಲ್ಲುತ್ತದೆ. ಇದನ್ನೂ ಪಾಯದ ಗುಂಡಿಯಿಂದಲೇ ತನ್ನಿ.

ನಿಮ್ಮ ಪೆಟ್ಟಿಗೆಗೆ 8 ಸೆಂಟಿಮೀಟರ್ ದಪ್ಪ ಹಾಕಬೇಕಾದರೆ ಸುಮಾರು 32 ಲೀಟರ್ ಮಿಶ್ರಣ ಬೇಕು. 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಅಳೆದರೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ನಾಲ್ಕು ಪಾಲು ಮಸಾರಿ, ಮೂರು ಪಾಲು ತೆಂಗಿನ ನಾರಿನ ಪುಡಿ ಅಂದರೆ ಕೊಕೊಪೀಟ್, ಎರಡು ಪಾಲು ಹೊಳೆ ಉಸುಕು, ಒಂದು ಪಾಲು ಎರೆ. ಲೆಕ್ಕಕ್ಕೆ 13, 10, 6, 3 ಲೀಟರ್. 650 ಗ್ರಾಂನ ಕೊಕೊಪೀಟ್ ಇಟ್ಟಿಗೆ ನೆನೆದರೆ ಸುಮಾರು 8 ಲೀಟರ್ ಆಗುತ್ತದೆ, ಎರಡು ತಂದಿಟ್ಟುಕೊಳ್ಳಿ. ಅದರಲ್ಲಿ ಉಪ್ಪಿರುತ್ತದೆ. ನೆನೆಸಿ, ಹಳೆ ಬಟ್ಟೆಯಲ್ಲಿ ಹಿಂಡಿ, ಎರಡು ಸಲ ನೀರು ಬದಲಿಸಿ. ಉಸುಕನ್ನು ಸೊಳ್ಳೆಪರದೆಯ ಜಾಲರಿಯಲ್ಲಿ ಸೋಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಮಣ್ಣನ್ನು ಜರಡಿ ಹಿಡಿಯಿರಿ. ಚೇಳು, ಇರುವೆ ಇರಬಹುದು, ಕೈ ಹಾಕುವಾಗ ಹುಷಾರು.

ಮಣ್ಣಿನ ಹುಳ, ಮೊಟ್ಟೆ ಸಾಯಬೇಕು. ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಒದ್ದೆ ಮಣ್ಣು ಹಾಕಿ, ಹಬೆ ಬರುವ ಹಾಗೆ ಅರ್ಧ ಗಂಟೆ ಹೊರಗಡೆ ಒಲೆಯ ಮೇಲೆ ಕಾಯಿಸಬಹುದು. ಬೇಸಿಗೆಯಾದರೆ ಕಟ್ಟಿಗೆಯೂ ಬೇಡ. ಮಾಳಿಗೆಯ ಮೇಲೆ ಮಣ್ಣು ತೆಳ್ಳಗೆ ಹರಡಿ, ನೀರು ಹನಿಸಿ, ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಮುಚ್ಚಿ, ಅಂಚಿಗೆ ಕಲ್ಲಿಡಿ. 4ರಿಂದ 6 ವಾರ ಬಿಟ್ಟರೆ ಸಾಕು. ರೈತರು ಸಸಿಮಡಿಗೆ ಮಾಡುವುದು ಇದೇ ಕೆಲಸ. ನಮ್ಮ ಬಿಸಿಲು ಉಪಕಾರಕ್ಕೆ ಬರುವ ಜಾಗ ಇದೊಂದು.

ಎಲ್ಲ ಬೆರೆಸಿದ ಮೇಲೆ ಒಂದು ಹಿಡಿ ತಗೊಂಡು ಬಿಗಿಯಾಗಿ ಅದುಮಿ. ಉಂಡೆ ಕಟ್ಟಬೇಕು. ಬೆರಳಿಂದ ತಟ್ಟಿದರೆ ಒಡೆಯಬೇಕು. ಬೆರಳ ಸಂದಿಯಲ್ಲಿ ನೀರು ಇಳಿದರೆ ಒದ್ದೆ ಜಾಸ್ತಿ. ಉಂಡೆಯೇ ಆಗದಿದ್ದರೆ ಉಸುಕು ಜಾಸ್ತಿ. ಕಲ್ಲಿನ ಹಾಗೆ ಗಟ್ಟಿ ಕೂತರೆ ಎರೆ ಜಾಸ್ತಿ.

ಇನ್ನು ಆನೆಗೊಂದಿ. ಕಲ್ಲು ಇಡುವ ಕ್ರಮದಲ್ಲೇ ಜನ ತಪ್ಪು ಮಾಡುತ್ತಾರೆ. ಮಣ್ಣು ಹಾಕಿ ಅದರ ಮೇಲೆ ಕಲ್ಲು ಇಡುತ್ತಾರೆ. ಗೆಕೊ ಕೆಳಗೆ ತೋಡುತ್ತದೆ, ಕಲ್ಲು ಕುಸಿದು ಅದರ ಮೇಲೇ ಬೀಳುತ್ತದೆ. ಕಲ್ಲು ಮೊದಲು. ಗಾಜಿನ ತಳಕ್ಕೆ ತೆಳುವಾದ ರಬ್ಬರ್ ಹಾಸು ಹಾಕಿ, ಅದರ ಮೇಲೆ ಕಲ್ಲು ಅಲ್ಲಾಡದಂತೆ ಕೂರಿಸಿ, ಆಮೇಲೆ ಸುತ್ತ ಮಣ್ಣು ತುಂಬಿ. ಕುಷ್ಟಗಿ ಕಡೆ ಗ್ರಾನೈಟ್ ಕೆಲಸದವರ ಹತ್ತಿರ ಪಾಲಿಶ್ ಮಾಡದ ಗುಲಾಬಿ ಬಣ್ಣದ ತುಂಡು ಸಿಗುತ್ತದೆ. ಆನೆಗೊಂದಿಯ ಗುಂಡಿನ ಬಣ್ಣಕ್ಕೆ ಅದು ಹತ್ತಿರ. ಚೂಪಾದ ಅಂಚನ್ನು ಉಜ್ಜುಗಲ್ಲಿಗೆ ತಿಕ್ಕಿ. ಪಾಲಿಶ್ ಆದ ಕಲ್ಲು, ನುಣ್ಣಗಿನ ಟೈಲ್ಸ್ ಬೇಡ, ಕಾಲು ಜಾರುತ್ತದೆ. ಬೆಚ್ಚಗಿನ ಮೂಲೆಯಲ್ಲಿ ಒಂದು ಒರಟು ಶಹಾಬಾದ್ ಪರಸಿ ತುಂಡು ಇಡಿ. ಕಾದ ಕಲ್ಲಿನ ಮೇಲೆ ಹೊಟ್ಟೆ ಊರಿ ಮಲಗುವುದು ಇದಕ್ಕೆ ಬಹಳ ಇಷ್ಟ, ಉಗುರೂ ಸವೆಯುತ್ತದೆ. ಕಲ್ಲೂ ಒದ್ದೆ ಮಣ್ಣೂ ಸೇರಿದರೆ ಪೆಟ್ಟಿಗೆ 50 ಕೆಜಿ ದಾಟುತ್ತದೆ. ಮಗನ ಓದುವ ಮೇಜಿನ ಮೇಲೆ ಇಡಬೇಡಿ.

ಗುಡ್ಡದಿಂದ ಕಲ್ಲಿನ ಸಂದಿಯ ಓತಿಯನ್ನೋ ಹಲ್ಲಿಯನ್ನೋ ಜೊತೆಗೆ ಹಿಡಿದು ತರೋಣ ಅಂತ ಮಗ ಕೇಳಿದರೆ ಒಪ್ಪಬೇಡಿ. ನಮ್ಮ ನಾಡಿನ ಹಲವು ಹಲ್ಲಿ ಜಾತಿಗಳನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾಡಿನ ಜೀವಿ ತರುವ ಉಣ್ಣೆ, ಹೊಟ್ಟೆಹುಳ ನಿಮ್ಮ ಗೆಕೊಗೂ ಅಂಟುತ್ತದೆ.

ತೇವದ ಗುಹೆಗೆ ಒಡೆದ ಗಡಿಗೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅರ್ಧ ಗಡಿಗೆಯನ್ನು ಬೋರಲು ಹಾಕಿ, ಬಾಯಿಯ ಅಂಚು ಉಜ್ಜಿ ನಯ ಮಾಡಿ, ಪೆಟ್ಟಿಗೆಯ ನಡುವೆ ಅರ್ಧ ಹೂತಿಡಿ. ಒಳಗೆ ಹಿಂಡಿದ ಕೊಕೊಪೀಟ್, ಸಿಕ್ಕರೆ ಆರ್ಕಿಡ್ ಬೆಳೆಸುವವರು ಬಳಸುವ ಸ್ಫ್ಯಾಗ್ನಮ್ ಪಾಚಿ. ಗಡಿಗೆಯ ಬೆನ್ನಿಗೆ ದಿನಾ ಸಂಜೆ ನೀರು ಹನಿಸಿ. ಕುಡಿಯುವ ನೀರು ಗಡಿಗೆಯಲ್ಲಿ ತಣ್ಣಗಾಗುವುದು ಹೇಗೋ ಇದೂ ಹಾಗೇ. ನೀರು ಆರುತ್ತಾ ಒಳಗೆ ತಂಪು ಉಳಿಯುತ್ತದೆ. ಗಾಳಿ ಒಣಗಿದಷ್ಟೂ ಜಾಸ್ತಿ ತಂಪು. ಮೊನ್ನೆ ನಿಮ್ಮ ಗೆಕೊಗೆ ಇಂಥ ಒಂದು ಜಾಗ ಇದ್ದಿದ್ದರೆ ಬೆರಳಲ್ಲಿ ಪೊರೆ ಉಳಿಯುತ್ತಿರಲಿಲ್ಲ.

ನೆಲಕ್ಕೆ ನೀರು ಮೇಲಿಂದ ಸಿಂಪಡಿಸುವುದಕ್ಕಿಂತ ತಂಪಿನ ಕಡೆಯ ಎರಡು ಮೂಲೆಯಲ್ಲಿ ನಿಧಾನಕ್ಕೆ ಸುರಿಯಿರಿ. ಕೆಳಗಿನ ಪದರ ಹಸಿಯಾಗಿರಬೇಕು, ಮೇಲಿನದು ಒಣಗಿರಬೇಕು. ಮೇಲೇ ಸದಾ ಒದ್ದೆ ಇದ್ದರೆ ಹೊಟ್ಟೆ, ಪಾದದ ತೊಗಲು ಕೊಳೆಯುತ್ತದೆ. ವಾರಕ್ಕೆ ಒಂದೋ ಎರಡೋ ಲೋಟ ಸಾಕಾಗಬಹುದು. ಮೇ ತಿಂಗಳಲ್ಲಿ ಜಾಸ್ತಿ ಬೇಕು. ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಒಳಗಿಟ್ಟು ಅದನ್ನು ನೋಡಿ ಹಾಕಿ. ಬೋರ್‌ವೆಲ್ ನೀರು ಗಡಸಾದರೆ ಕಲ್ಲು, ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಇದಕ್ಕೆ ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ.

ಬಿಸಿಯ ವಿಷಯದಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನಿಸಿ. ಈಗ ಗಾಜಿನ ಕೆಳಗೆ ಹೀಟ್ ಪ್ಯಾಡ್ ಅಂಟಿಸಿದ್ದರೆ ಮಣ್ಣು ಹಾಕುವ ಮೊದಲು ತೆಗೆಯಿರಿ. 8 ಸೆಂಟಿಮೀಟರ್ ಮಣ್ಣು ಕಂಬಳಿ ಹೊದಿಸಿದ ಹಾಗೆ. ಬಿಸಿ ಮೇಲೆ ಬರುವುದಿಲ್ಲ, ಕೆಳಗೇ ಕೂಡುತ್ತದೆ. ಗಾಜು ಸೀಳಬಹುದು. ಬೆಚ್ಚಗಿದೆ ಅಂತ ತಳದವರೆಗೆ ತೋಡಿದ ಗೆಕೊ ಹೊಟ್ಟೆ ಸುಟ್ಟುಕೊಳ್ಳಬಹುದು. ಬಿಸಿ ಮೇಲಿಂದ ಬರಲಿ. ಬೆಳಕಿಲ್ಲದ ಸೆರಾಮಿಕ್ ಹೀಟರ್, ಜೊತೆಗೆ ಬಿಸಿ ಹದ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್. ಪರಸಿಯ ಮೇಲ್ಮೈ 31-33 ಡಿಗ್ರಿ, ತಂಪಿನ ಕಡೆ 24-26 ಡಿಗ್ರಿ. ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಹಚ್ಚಬೇಡಿ. ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ನಮ್ಮಲ್ಲಿ ಹಗಲು ಹೀಟರೇ ಬೇಡ. ಆಗ ಕಷ್ಟ ತಂಪಿನ ಕಡೆಯದ್ದು. ಪೆಟ್ಟಿಗೆಯನ್ನು ಕೂಲರ್ ಇರುವ ಕೋಣೆಯಲ್ಲಿ, ನೆಲದ ಹತ್ತಿರ ಇಡಿ. ಗಾಳಿ ನೇರ ಬಡಿಯದಿರಲಿ. ಒಳಗೆ ಎಲ್ಲ ಕಡೆ 35 ದಾಟಿದರೆ ಜೀವಕ್ಕೇ ಅಪಾಯ.

ಶೇಂಗಾ ಸಿಪ್ಪೆ, ಭತ್ತದ ಹೊಟ್ಟು, ಮರದ ಹೊಟ್ಟು ಯಾವುದೂ ಬೇಡ. ಒದ್ದೆಯಾದರೆ ಬೂಷ್ಟು, ನುಂಗಿದರೆ ಅರಗುವುದಿಲ್ಲ. ಭತ್ತದ ಹೊಟ್ಟಂತೂ ಗರಗಸದ ಹಾಗೆ ಒರಟು. ಹಸಿರು ಕಾರ್ಪೆಟ್ ಕೂಡ ಬೇಡ, ನೂಲಿಗೆ ಉಗುರು ಸಿಕ್ಕಿ ಕಿತ್ತು ಬರುತ್ತದೆ.

ಶುಚಿ ಮಾಡುವುದು ಸುಲಭ. ಈ ಗೆಕೊ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಹಿಕ್ಕೆ ಹಾಕುತ್ತದೆ. ಆ ಮೂಲೆ ಯಾವುದು ಅಂತ ಮೊದಲ ವಾರ ನೋಡಿಕೊಂಡು ಅಲ್ಲೊಂದು ಒರಟು ಕಲ್ಲಿನ ಚಪ್ಪಡಿ ಇಟ್ಟುಬಿಡಿ. ದಿನಾ ತೆಗೆದು ಒರೆಸಿದರೆ ಆಯಿತು. ಹೂಕುಂಡದ ಕೆಳಗೆ ಸಿಗುವ, ಮುಟ್ಟಿದರೆ ಉಂಡೆಯಾಗುವ ಬೂದು ಹುಳ ಇದೆಯಲ್ಲ, ಅಂಥ ಐಸೊಪಾಡ್‌ಗಳನ್ನು ಸಾಕಣೆದಾರರಿಂದ ತಂದು ಬಿಟ್ಟರೆ ಉಳಿದ ಕಸ ಅವೇ ತಿನ್ನುತ್ತವೆ. ಇಲ್ಲದಿದ್ದರೆ ನಾಲ್ಕೈದು ತಿಂಗಳಿಗೊಮ್ಮೆ ಮಣ್ಣು ಪೂರ್ತಿ ಬದಲಿಸಿ. ಮಗ ಮುಟ್ಟಿದ ಮೇಲೆ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಲಿ. ಹಲ್ಲಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು, ಅದು ಮಕ್ಕಳಿಗೆ ಬೇಗ ತಾಗುತ್ತದೆ.

ಹುಳವನ್ನು ಮಣ್ಣಿನ ಮೇಲೆ ಸುಮ್ನೆ ಬಿಡಬೇಡಿ. ನುಣ್ಣಗಿನ ಬಟ್ಟಲಲ್ಲಿ ಹಾಕಿ, ಇಲ್ಲವೇ ಚಿಮಟದಲ್ಲಿ ಹಿಡಿದು ಕೊಡಿ.

ಬೆರಳು ಸರಿಯಾದ ಮೇಲೇ ನೆಲ ಬದಲಿಸಿ. ಮಣ್ಣು ಹಾಕಿದ ಮೊದಲ ದಿನ ರಾತ್ರಿ ಎಂಟರ ಮೇಲೆ ಕೋಣೆಯ ದೀಪ ಆರಿಸಿ, ಮಗನನ್ನು ಪೆಟ್ಟಿಗೆಯ ಮುಂದೆ ಕೂರಿಸಿ. ಮೊದಲು ನಾಲಿಗೆ ಚಾಚಿ ನಾಲ್ಕು ಕಡೆ ನೆಕ್ಕಿ ನೋಡುತ್ತದೆ, ಹೆದರಬೇಡಿ. ಆಮೇಲೆ ಗಡಿಗೆಯ ಪಕ್ಕದಲ್ಲಿ ಮುಂಗಾಲಿಂದ ತೋಡಲು ಶುರು ಮಾಡುತ್ತದೆ. ನೆಕ್ಕುವುದು ನಾಲ್ಕೈದು ದಿನವಾದರೂ ನಿಲ್ಲದಿದ್ದರೆ, ಬಾಯಿ ತುಂಬ ಮಣ್ಣು ಕಚ್ಚುತ್ತಿದ್ದರೆ ಅದಕ್ಕೆ ಕ್ಯಾಲ್ಸಿಯಂ ಸಾಲುತ್ತಿಲ್ಲ ಅಂತ ಅರ್ಥ. ತಕ್ಷಣ ಟಿಶ್ಯೂ ಪೇಪರ್‌ಗೆ ವಾಪಸ್ ಹಾಕಿ. ಉಣ್ಣುತ್ತಿದ್ದೂ ಒಂದು ವಾರ ಹಿಕ್ಕೆ ಹಾಕದಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ. ಹೋಗುವಾಗ ನೀವು ಹಾಕಿದ ಮಣ್ಣಿನ ಒಂದು ಹಿಡಿಯನ್ನೂ ಪೊಟ್ಟಣ ಕಟ್ಟಿಕೊಂಡು ಹೋಗಿ.